ಬ್ಯಾಂಡ್‌ಗೆ ಡಿಜಿಟಲ್ ಮಿಕ್ಸರ್ ಕೊಳ್ಳುವ ಮುನ್ನ ಕಿವಿಗಳನ್ನು ಎಣಿಸಿ

ಬೆಂಗಳೂರಿನ ಬನಶಂಕರಿಯ ಒಂದು ಮನೆಯ ಮೇಲ್ಮಹಡಿಯಲ್ಲಿ ನಮ್ಮ ತಂಡ ಪ್ರತಿ ಭಾನುವಾರ ಸೇರುತ್ತದೆ. ಎಂಟು ಜನ: ಇಬ್ಬರು ಗಾಯಕರು, ಕೊಳಲು, ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್, ತಬಲಾ, ಡ್ರಮ್ಸ್. ಭಾವಗೀತೆ, ಜನಪದ, ಜೊತೆಗೆ ಕೆಲವು ಸ್ವಂತ ರಚನೆಗಳು. ನಾವು ಮೊದಲು ಕೊಂಡ ಡಿಜಿಟಲ್ ಮಿಕ್ಸರಿನಲ್ಲಿ (ಎಲ್ಲರ ಧ್ವನಿಯನ್ನೂ ಬೆರೆಸಿ ಸ್ಪೀಕರಿಗೂ ರೆಕಾರ್ಡಿಂಗ್‌ಗೂ ಕಳುಹಿಸುವ ಯಂತ್ರ) ಎಲ್ಲ ಮೈಕುಗಳಿಗೂ ಜಾಗವಿತ್ತು. ಆದರೂ ಎರಡನೆಯ ಅಭ್ಯಾಸದಲ್ಲೇ ತಬಲಾ ನುಡಿಸುವ ಗೆಳೆಯರು ಹಾಡಿನ ನಡುವೆ ನಿಲ್ಲಿಸಿ, ಎಡಗೈಯನ್ನು ಜೋಡಿಯ ಎಡಗಡೆಯ ವಾದ್ಯವಾದ ಬಾಯಾದ ಮೇಲೆ ಹಾಗೆಯೇ ಊರಿಕೊಂಡು, ‘ನಾನು ನುಡಿಸುತ್ತಿರುವುದು ನನಗೇ ಕೇಳಿಸುತ್ತಿಲ್ಲ’ ಎಂದರು. ಅವರಿಗೂ ಡ್ರಮ್ಸ್ ನುಡಿಸುವವರಿಗೂ ಒಂದೇ ಮಾನಿಟರ್ ಮಿಕ್ಸ್ (ವೇದಿಕೆಯ ಮೇಲಿರುವವರು ಕೇಳಿಕೊಳ್ಳಲೆಂದು ಬೆರೆಸಿದ ಧ್ವನಿ) ಹೋಗುತ್ತಿತ್ತು. ಡ್ರಮ್ಸ್‌ಗೆ ಕೂತವರಿಗೆ ಬೇಸ್ ಗಿಟಾರ್ ಜೋರಾಗಿ ಬೇಕು. ಅದರಡಿಯಲ್ಲಿ ಬಾಯಾದ ಗುಂಕಾರ ಮುಳುಗಿಹೋಗುತ್ತಿತ್ತು. ಅವರಿಬ್ಬರನ್ನು ಬೇರೆ ಮಾಡೋಣವೆಂದರೆ ಮಿಕ್ಸರಿನಲ್ಲಿ ಮಾನಿಟರಿಗೆಂದು ಇದ್ದದ್ದು ನಾಲ್ಕೇ ಹಾದಿ.

ನಾವು ಚಾನೆಲ್ (ಮಿಕ್ಸರಿನೊಳಗೆ ಧ್ವನಿ ಬರುವ ಹಾದಿ) ಎಣಿಸಿ ಕೊಂಡಿದ್ದೆವು, ಕಿವಿಗಳನ್ನು ಎಣಿಸಿರಲಿಲ್ಲ. ಒಂದೂವರೆ ವರ್ಷಕ್ಕೆ ಅದನ್ನು ಮಾರಿ ಬೇರೆಯದನ್ನು ತಂದೆವು. ಆ ಹಣವೂ ಆ ಭಾನುವಾರಗಳೂ ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ವೇದಿಕೆಯನ್ನು ಹಾಳೆಗೆ ಇಳಿಸಿ

ಅಂಗಡಿಗೆ ಹೋಗುವ ಮುನ್ನ, ಯಾವ ಕಂಪನಿಯ ಹೆಸರನ್ನೂ ನೋಡುವ ಮುನ್ನ, ಒಂದು ಹಾಳೆ ತೆಗೆದುಕೊಂಡು ಮಧ್ಯದಲ್ಲಿ ಗೆರೆ ಎಳೆಯಿರಿ. ಎಡಗಡೆ ಮಿಕ್ಸರಿನ ಒಳಗೆ ಬರುವುದು, ಬಲಗಡೆ ಹೊರಗೆ ಹೋಗುವುದು.

ಎಡಗಡೆ ಸುಲಭ. ನಮ್ಮ ತಂಡದ ಲೆಕ್ಕ ಹೀಗಿತ್ತು: ಗಾಯಕರಿಗೆ 2, ಕೊಳಲಿಗೆ 1, ಗಿಟಾರಿಗೆ 1, ಬೇಸ್‌ಗೆ 1, ಕೀಬೋರ್ಡ್ ಸ್ಟೀರಿಯೊ ಆದ್ದರಿಂದ 2, ತಬಲಾಗೆ 2. ಡ್ರಮ್ಸ್‌ಗೆ ಕಿಕ್, ಸ್ನೇರ್, ಎರಡು ಟಾಮ್, ಮೇಲಿನಿಂದ ಎರಡು ಮೈಕ್ ಸೇರಿ 6. ಒಟ್ಟು 15. ಇದಾದ ಮೇಲೆ ಮರೆತುಹೋಗುವ ಎರಡು ಸಂಗತಿಗಳಿವೆ. ಒಂದು, ಸಭಿಕರ ಕಡೆ ಮುಖ ಮಾಡಿದ ಎರಡು ಮೈಕು. ಅವು ಇಲ್ಲದಿದ್ದರೆ ರೆಕಾರ್ಡಿಂಗ್‌ನಲ್ಲಿ ಚಪ್ಪಾಳೆ ದೂರದ ಮಳೆಯಂತೆ ಕೇಳಿಸುತ್ತದೆ, ಕಿವಿಯೊಳಗೆ ಇಯರ್‌ಫೋನ್ ತುರುಕಿಕೊಂಡ ಗಾಯಕರಿಗೆ ತಾವು ಯಾವುದೋ ಬಾವಿಯೊಳಗೆ ನಿಂತು ಹಾಡುತ್ತಿದ್ದೇವೆ ಎನ್ನಿಸುತ್ತದೆ. ಇನ್ನೊಂದು ಶ್ರುತಿ. ಬೆಂಗಳೂರಿನದೇ ಆದ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಯೋ, ಮೊಬೈಲಿನ ಶ್ರುತಿ ಆ್ಯಪೋ, ಏನಿದ್ದರೂ ಅದಕ್ಕೊಂದು ಚಾನೆಲ್ ಮೀಸಲಿಡಿ ಮತ್ತು ಎಲ್ಲರ ಮಾನಿಟರಿಗೂ ಅದನ್ನು ಕಳುಹಿಸಿ. ಮೊಬೈಲ್ ಆದರೆ ಏರೋಪ್ಲೇನ್ ಮೋಡ್‌ನಲ್ಲಿ ಇರಲಿ. ಈಗ ಒಟ್ಟು 18.

ಬೆಹ್ರಿಂಗರ್ ಎಕ್ಸ್‌ಆರ್18 ಎಂಬ ಜನಪ್ರಿಯ ಪುಟ್ಟ ಮಿಕ್ಸರಿನಲ್ಲಿ 16 ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಧ್ವನಿಯನ್ನು ಹಿಗ್ಗಿಸುವ ಭಾಗ), ಮೇಲೆ 2 ಲೈನ್ ಇನ್‌ಪುಟ್ ಇವೆ. ಕೀಬೋರ್ಡನ್ನು ಆ ಎರಡು ಲೈನ್‌ಗೆ ಹಾಕಿದರೆ ನಮ್ಮ 18 ಸರಿಯಾಗಿ ಕೂರುತ್ತದೆ, ಒಂದು ಕಿಂಡಿಯೂ ಮಿಗುವುದಿಲ್ಲ. ಕಾರ್ಯಕ್ರಮದ ದಿನ ನಿರೂಪಕರಿಗೆ ಒಂದು ಮೈಕ್, ಅತಿಥಿ ಗಾಯಕರಿಗೆ ಇನ್ನೊಂದು ಬೇಕೆಂದಾಗ ಯಾರದೋ ಟಾಮ್ ಮೈಕನ್ನು ಕೀಳಬೇಕಾಗುತ್ತದೆ. ಆದ್ದರಿಂದ ನಿಮ್ಮ ಲೆಕ್ಕಕ್ಕೆ ನಾಲ್ಕು ಸೇರಿಸಿಕೊಂಡೇ ಮುಂದಕ್ಕೆ ಹೋಗಿ.

ಎಲ್ಲರಿಗೂ ಇಷ್ಟು ಬೇಡ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಗೆ ನಡೆಯುವಂಥ ಕರ್ನಾಟಕ ಸಂಗೀತ ಕಛೇರಿಯನ್ನು ನೆನಪಿಸಿಕೊಳ್ಳಿ: ಗಾಯನ, ಪಿಟೀಲು, ಮೃದಂಗದ ಎರಡು ಮುಖಗಳಿಗೆ ಎರಡು, ಘಟ, ತಂಬೂರಿ. ಆರೇ ಆರು. ಇಂಥ ತಂಡಕ್ಕೆ 12 ಚಾನೆಲ್ ಧಾರಾಳವಾಯಿತು. ಉಳಿದ ಹಣವನ್ನು ಒಳ್ಳೆಯ ಮೈಕಿಗೆ ಹಾಕಿ. ಮೃದಂಗದ ಎಡಮುಖಕ್ಕೆ ಸರಿಯಾದ ಮೈಕ್ ಇಲ್ಲದೆ ಮಿಕ್ಸರ್ ಎಷ್ಟು ದುಬಾರಿಯದಾದರೂ ಆ ಗುಂಕಾರ ಬರುವುದಿಲ್ಲ.

ಎರಡನೆಯ ಹೆಜ್ಜೆ: ಬಲಗಡೆಯ ಕಾಲಂ

ಇಲ್ಲಿ ಅವಸರ ಮಾಡಬೇಡಿ. ವೇದಿಕೆಯ ಮೇಲಿರುವ ಪ್ರತಿಯೊಬ್ಬರ ಹೆಸರನ್ನೂ ಬರೆದು, ಅವರಿಗೆ ಏನು ಕೇಳಬೇಕೆಂದು ಅವರನ್ನೇ ಕೇಳಿ. ನಮ್ಮ ಕೊಳಲಿನವರಿಗೆ ಬೇಕಾದದ್ದು ಶ್ರುತಿ, ತಮ್ಮ ಕೊಳಲು, ಸ್ವಲ್ಪ ಗಾಯನ, ಅಷ್ಟೇ. ಬೇಸ್ ನುಡಿಸುವವರಿಗೆ ಕಿಕ್ ಬೇಕು, ಕೀಬೋರ್ಡ್ ಬೇಡವೇ ಬೇಡ. ಹೀಗೆ ಬೇಡಿಕೆಗಳು ಬೇರೆಯಾದಷ್ಟೂ ಪ್ರತ್ಯೇಕ ಮಾನಿಟರ್ ಮಿಕ್ಸ್‌ಗಳು ಬೇಕು. ಒಂದೊಂದು ಮಿಕ್ಸ್‌ಗೂ ಮಿಕ್ಸರಿನೊಳಗೆ ಒಂದೊಂದು ‘ಆಕ್ಸ್’ ಅಥವಾ ‘ಬಸ್’ ಖರ್ಚಾಗುತ್ತದೆ. ನೆಲದ ಮೇಲಿಡುವ ಮಾನಿಟರ್ ಸ್ಪೀಕರಿಗೆ ಒಂದು ಬಸ್ ಸಾಕು. ಇಯರ್‌ಫೋನಿಗೆ ಸ್ಟೀರಿಯೊ ಬೇಕೆಂದರೆ ಎರಡು. ಎಂಟು ಜನರಿಗೂ ಸ್ಟೀರಿಯೊ ಎಂದರೆ 16 ಬಸ್ ಹೋಯಿತು.

ಈಗ ಕ್ಯಾಟಲಾಗ್ ತೆರೆದು ನೋಡಿ. ಎಕ್ಸ್‌ಆರ್18ರಲ್ಲಿ ಆಕ್ಸ್ ಔಟ್ 6. ಸೌಂಡ್‌ಕ್ರಾಫ್ಟ್ ಯುಐ24ಆರ್‌ನಲ್ಲಿ 20 ಮೈಕ್ ಇನ್‌ಪುಟ್, ಮಾನಿಟರಿಗೆ 8 ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕೇಬಲ್ ಹಾಕುವ) ಔಟ್. ನಮ್ಮಂಥ ಎಂಟು ಜನರ ತಂಡಕ್ಕೆ ತಲೆಗೊಂದರಂತೆ ಸರಿಹೋಗುತ್ತದೆ. ಬೆಹ್ರಿಂಗರ್ ಎಕ್ಸ್32ರಲ್ಲಿ 16 ಬಸ್ ಇವೆ. ಆದರೆ ಸಾಮಾನ್ಯ ಜೋಡಣೆಯಲ್ಲಿ ಕೊನೆಯ ನಾಲ್ಕು ಬಸ್‌ಗಳು ರಿವರ್ಬ್ ಮುಂತಾದ ಎಫೆಕ್ಟ್‌ಗಳಿಗೆ ಹೋಗುತ್ತವೆ, ಕೈಯಲ್ಲಿ ಉಳಿಯುವುದು 12. ಇನ್ನೂ ಮೇಲಕ್ಕೆ ಹೋದರೆ ಅಲೆನ್ ಅಂಡ್ ಹೀತ್ ಎಸ್‌ಕ್ಯು-5ರಲ್ಲಿ 12 ಸ್ಟೀರಿಯೊ ಮಿಕ್ಸ್ ಇವೆ.

ಬಸ್ ಬೇರೆ, ಹಿಂಬದಿಯ ಕಿಂಡಿ ಬೇರೆ ಎಂಬುದು ನೆನಪಿರಲಿ. ಬಸ್ ಎಂದರೆ ಅಡುಗೆ, ಕಿಂಡಿ ಎಂದರೆ ತಟ್ಟೆ. ಹದಿನಾರು ಬಗೆ ಬೇಯಿಸಿ ಎಂಟೇ ತಟ್ಟೆ ಇದ್ದರೆ ಎಂಟು ಜನರಿಗೆ ಮಾತ್ರ ಊಟ. ಎಕ್ಸ್32 ರ‍್ಯಾಕ್ ಮಾದರಿಯಲ್ಲಿ ಬಸ್ 16 ಇದ್ದರೂ ಎಕ್ಸ್‌ಎಲ್‌ಆರ್ ಔಟ್ 8 ಮಾತ್ರ. ಅದರಲ್ಲಿ ಎರಡು ಮುಖ್ಯ ಸ್ಪೀಕರಿಗೆ ಹೋದರೆ ಆರು. ಹೆಚ್ಚು ಬೇಕಾದರೆ ಎಸ್16ರಂಥ ಸ್ಟೇಜ್ ಬಾಕ್ಸ್ ಸೇರಿಸಬೇಕು. ಅದು ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ 16 ಒಳಕ್ಕೆ, 8 ಹೊರಕ್ಕೆ ಕೊಡುತ್ತದೆ. ಆ ಬೆಲೆಯನ್ನೂ ಮೊದಲೇ ಕೂಡಿಸಿಕೊಳ್ಳಿ.

ಇನ್ನೊಂದು ದಾರಿಯೂ ಇದೆ, ನನಗೆ ಬಹಳ ಹಿಡಿಸಿದ್ದು. ಬೆಹ್ರಿಂಗರ್ ಪಿ16-ಎಂ ಎಂಬ ಪುಟ್ಟ ಪೆಟ್ಟಿಗೆಯನ್ನು ಪ್ರತಿಯೊಬ್ಬರ ಪಕ್ಕದಲ್ಲಿ ಇಡುವುದು. ಮಿಕ್ಸರಿನಿಂದ ನೆಟ್‌ವರ್ಕ್ ಕೇಬಲಿನಲ್ಲಿ 16 ಚಾನೆಲ್‌ಗಳು ಅದಕ್ಕೆ ಬರುತ್ತವೆ. ಯಾರಿಗೆ ಯಾವುದು ಎಷ್ಟು ಬೇಕೋ ಅವರೇ ತಿರುಗಿಸಿಕೊಳ್ಳುತ್ತಾರೆ. ಆಗ ಮಿಕ್ಸರಿನ ಆಕ್ಸ್ ಖರ್ಚಾಗುವುದಿಲ್ಲ. ಎಕ್ಸ್‌ಆರ್18ರಂಥ ಚಿಕ್ಕ ಯಂತ್ರವೂ ಎಂಟು ಜನರನ್ನು ಸಾಕುತ್ತದೆ. ವೇದಿಕೆಗಿಂತ ಅಭ್ಯಾಸದ ಕೋಣೆಯಲ್ಲೇ ಹೆಚ್ಚು ರೆಕಾರ್ಡ್ ಮಾಡುವವರಾದರೆ ಜೂಮ್ ಲೈವ್‌ಟ್ರ್ಯಾಕ್ ಎಲ್-20 ನೋಡಿ: ಬೇರೆಬೇರೆ ಮಿಕ್ಸ್ ಇಡಬಹುದಾದ 6 ಹೆಡ್‌ಫೋನ್ ಕಿಂಡಿಗಳು ಅದರಲ್ಲೇ ಇವೆ, ರೆಕಾರ್ಡಿಂಗ್ ನೇರ ಎಸ್‌ಡಿ ಕಾರ್ಡಿಗೆ. ಉಳಿದ ಮಿಕ್ಸರುಗಳ ಆಕ್ಸ್ ಔಟ್‌ಗೆ ಇಯರ್‌ಫೋನನ್ನು ನೇರವಾಗಿ ಚುಚ್ಚಿದರೆ ನಡೆಯುವುದಿಲ್ಲ, ನಡುವೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು. ಎಂಟು ಜನರಿಗೆ ಎಂಟು. ಬಜೆಟ್ ಹಾಕುವಾಗ ಬಿಟ್ಟುಹೋಗುವ ಸಾಲು ಇದೇ.

ಮಾನಿಟರಿಗೆ ಹೋಗುವ ಎಲ್ಲ ಸೆಂಡ್‌ಗಳೂ ‘ಪ್ರೀ-ಫೇಡರ್’ ಆಗಿರಲಿ, ಅಂದರೆ ಫೇಡರಿಗಿಂತ (ಧ್ವನಿ ಏರಿಳಿಸುವ ಜಾರುಗುಂಡಿ) ಮೊದಲೇ ತೆಗೆದದ್ದಾಗಿರಲಿ. ಇಲ್ಲದಿದ್ದರೆ ಸಭಾಂಗಣದಲ್ಲಿ ಧ್ವನಿ ಹೆಚ್ಚಾಯಿತೆಂದು ಮೈಕ್‌ಸೆಟ್‌ನವರು ಫೇಡರ್ ಇಳಿಸಿದೊಡನೆ ಗಾಯಕರ ಕಿವಿಯಲ್ಲೂ ದನಿ ಇಳಿಯುತ್ತದೆ. ಅವರು ಇನ್ನಷ್ಟು ಕಿರುಚುತ್ತಾರೆ. ಇಯರ್‌ಫೋನಿಗೆ ಹೋಗುವ ಪ್ರತಿ ಬಸ್ ಮೇಲೂ ಲಿಮಿಟರ್ (ಧ್ವನಿ ಮಿತಿ ದಾಟದಂತೆ ತಡೆಯುವುದು) ಹಾಕಿ. ಯಾರೋ ಮೈಕ್ ಬೀಳಿಸಿದ ಸದ್ದು ನೇರ ಕಿವಿಯ ತಮಟೆಗೆ ಬಡಿಯುವುದು ಸಣ್ಣ ವಿಷಯವಲ್ಲ. ಇದನ್ನು ಯಾರಿಗೂ ರಿಯಾಯಿತಿ ಕೊಡದೆ ಮಾಡಿ.

ಮೂರನೆಯ ಹೆಜ್ಜೆ: ‘ಯುಎಸ್‌ಬಿ ಇದೆ’ ಎಂಬ ಮಾತನ್ನು ಬಿಡಿಸಿ ಕೇಳಿ

ಅಂಗಡಿಯಲ್ಲಿ ‘ರೆಕಾರ್ಡಿಂಗ್ ಆಗುತ್ತದೆಯೇ?’ ಎಂದರೆ ‘ಯುಎಸ್‌ಬಿ ಇದೆಯಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಆ ಒಂದು ಪದದ ಹಿಂದೆ ಮೂರು ಬೇರೆ ಬೇರೆ ಯಂತ್ರಗಳಿವೆ. ಕೆಲವಲ್ಲಿ ಪೆನ್‌ಡ್ರೈವಿಗೆ ಕೊನೆಯ ಸ್ಟೀರಿಯೊ ಮಿಕ್ಸ್ ಮಾತ್ರ ಹೋಗುತ್ತದೆ. ಬೆಹ್ರಿಂಗರ್‌ನದೇ ಎಕ್ಸ್‌ಆರ್12 ಮತ್ತು ಎಕ್ಸ್‌ಆರ್16 ಹೀಗೆ. ಅದರಲ್ಲಿ ತಬಲಾ ಜೋರಾಗಿ ಬಿದ್ದಿದ್ದರೆ ಅದು ಎಂದೆಂದಿಗೂ ಜೋರೇ. ಕೆಲವು ಕಂಪ್ಯೂಟರಿಗೆ ಪ್ರತಿ ಚಾನೆಲನ್ನೂ ಬೇರೆಯಾಗಿ ಕಳುಹಿಸುತ್ತವೆ: ಎಕ್ಸ್‌ಆರ್18 ಹೋಗುವುದು 18, ಬರುವುದು 18, ಎಕ್ಸ್32 ಎರಡೂ ಕಡೆ 32. ಮತ್ತೆ ಕೆಲವು ಕಂಪ್ಯೂಟರಿನ ಹಂಗಿಲ್ಲದೆ ತಾವೇ ಬಹುಚಾನೆಲ್ ರೆಕಾರ್ಡ್ ಮಾಡುತ್ತವೆ: ಯುಐ24ಆರ್ ಯುಎಸ್‌ಬಿ ಡ್ರೈವಿಗೆ 22 ಟ್ರ್ಯಾಕ್, ಅಲೆನ್ ಅಂಡ್ ಹೀತ್ ಸಿಕ್ಯು-18ಟಿ ಎಸ್‌ಡಿ ಕಾರ್ಡಿಗೆ, ಎಕ್ಸ್-ಲೈವ್ ಕಾರ್ಡ್ ಹಾಕಿದ ಎಕ್ಸ್32 ಎಸ್‌ಡಿ ಕಾರ್ಡಿಗೆ 32 ಟ್ರ್ಯಾಕ್. ನಿಮ್ಮ ತಂಡದಲ್ಲಿ ಲ್ಯಾಪ್‌ಟಾಪ್ ನೋಡಿಕೊಳ್ಳಲು ಪ್ರತ್ಯೇಕ ವ್ಯಕ್ತಿ ಇಲ್ಲದಿದ್ದರೆ ಮೂರನೆಯ ಬಗೆಯನ್ನೇ ಆರಿಸಿ.

ಜಾಗದ ಲೆಕ್ಕ ಸರಳ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ (ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆದುಕೊಳ್ಳುವಾಗ) ಒಂದು ಚಾನೆಲ್ ಒಂದು ನಿಮಿಷಕ್ಕೆ 8.64 ಮೆಗಾಬೈಟ್ ತಿನ್ನುತ್ತದೆ, ಗಂಟೆಗೆ ಸುಮಾರು 518. ನಮ್ಮ 18 ಚಾನೆಲ್‌ಗೆ ಗಂಟೆಗೆ 9.3 ಗಿಗಾಬೈಟ್, ಎರಡೂವರೆ ಗಂಟೆಯ ಕಾರ್ಯಕ್ರಮಕ್ಕೆ 23ಕ್ಕೂ ಹೆಚ್ಚು. 64 ಗಿಗಾಬೈಟ್ ಕಾರ್ಡ್ ಇಟ್ಟುಕೊಳ್ಳಿ. 96 ಕಿಲೋಹರ್ಟ್ಜ್ ಆದರೆ ಎಲ್ಲವೂ ದುಪ್ಪಟ್ಟು. ಬ್ಯಾಂಡ್ ರೆಕಾರ್ಡಿಂಗ್‌ಗೆ 48 ಸಾಕು ಎಂಬುದು ನನ್ನ ಅನುಭವ. ವಿಡಿಯೊಗೆ ಕೂಡಿಸುವಾಗಲೂ 48 ಇದ್ದರೆ ತಾಪತ್ರಯವಿಲ್ಲ. ಕಾರ್ಡ್ ಕೊಳ್ಳುವಾಗ ಗಾತ್ರಕ್ಕಿಂತ ಬರೆಯುವ ವೇಗ ನೋಡಿ, ಮಿಕ್ಸರ್ ತಯಾರಕರು ಸೂಚಿಸಿದ ಮಾದರಿಗಳ ಪಟ್ಟಿಯಿದ್ದರೆ ಅದರಿಂದಲೇ ಆರಿಸಿ.

ರೆಕಾರ್ಡಿಂಗ್‌ಗೆ ಧ್ವನಿಯನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಪ್ರೀಆಂಪ್ ದಾಟಿದೊಡನೆ, ಈಕ್ವಲೈಸರ್ (ಮಂದ್ರ, ತಾರಗಳನ್ನು ಹೆಚ್ಚುಕಡಿಮೆ ಮಾಡುವುದು) ಮತ್ತು ಕಂಪ್ರೆಸರ್ (ಜೋರು, ಮೆಲುವಿನ ಅಂತರ ಕುಗ್ಗಿಸುವುದು) ತಾಗುವ ಮುನ್ನ ತೆಗೆಯುವ ಆಯ್ಕೆ ಮಿಕ್ಸರಿನಲ್ಲಿ ಇರಬೇಕು. ವೇದಿಕೆಯಲ್ಲಿ ಸ್ಪೀಕರಿನ ಕೂಗು (ಫೀಡ್‌ಬ್ಯಾಕ್) ಬರುತ್ತಿದೆಯೆಂದು ಗಾಯನದ ಈಕ್ವಲೈಸರನ್ನು ಕೊಯ್ದಿದ್ದರೂ ರೆಕಾರ್ಡಿಂಗ್‌ನಲ್ಲಿ ಆ ದನಿ ಇಡಿಯಾಗಿ ಉಳಿಯುತ್ತದೆ. ಇದರಿಂದ ಇನ್ನೊಂದು ವರವೂ ಸಿಗುತ್ತದೆ: ಕಳೆದ ವಾರದ ಅಭ್ಯಾಸದ ಟ್ರ್ಯಾಕುಗಳನ್ನು ಅದೇ ಚಾನೆಲ್‌ಗಳಿಗೆ ವಾಪಸ್ ಹರಿಸಿ, ವಾದಕರು ಬರುವ ಮುನ್ನವೇ ಖಾಲಿ ಸಭಾಂಗಣದಲ್ಲಿ ಧ್ವನಿ ಹೊಂದಿಸಬಹುದು. ವರ್ಚುವಲ್ ಸೌಂಡ್‌ಚೆಕ್ ಎನ್ನುತ್ತಾರೆ. ನಮ್ಮ ಊರಿನ ಸಂಚಾರದಲ್ಲಿ ವೈಟ್‌ಫೀಲ್ಡ್‌ನಿಂದ ಬರುವ ಕೀಬೋರ್ಡ್‌ನವರು ಜೆ.ಪಿ. ನಗರ ತಲುಪುವಷ್ಟರಲ್ಲಿ ಅವರ ಮಿಕ್ಸ್ ಮುಕ್ಕಾಲು ಸಿದ್ಧವಾಗಿರುತ್ತದೆ.

ನಾಲ್ಕನೆಯ ಹೆಜ್ಜೆ: ವಿಳಂಬ

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಒಂದೂವರೆ ಮೀಟರ್ ದೂರದ ನೆಲದ ಸ್ಪೀಕರಿನಿಂದ ನಿಮ್ಮ ಕಿವಿಗೆ ಬರಲು ನಾಲ್ಕು ಮಿಲಿಸೆಕೆಂಡು ಬೇಕು. ಮಿಕ್ಸರಿನೊಳಗಿನ ವಿಳಂಬ ಒಂದೆರಡು ಮಿಲಿಸೆಕೆಂಡ್ ಮಾತ್ರ, ಅದರ ಚಿಂತೆ ಬೇಡ. ಚಿಂತೆ ಶುರುವಾಗುವುದು ಧ್ವನಿಯನ್ನು ಕಂಪ್ಯೂಟರಿನೊಳಗೆ ಸುತ್ತಿಸಿ ಮತ್ತೆ ಕಿವಿಗೆ ತಂದಾಗ. 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು) ಎಂದರೆ 48 ಕಿಲೋಹರ್ಟ್ಜ್‌ನಲ್ಲಿ ಹೋಗಲು 2.7, ಬರಲು 2.7 ಮಿಲಿಸೆಕೆಂಡ್, ಮೇಲೆ ಇತರ ವಿಳಂಬ ಬೇರೆ. ತಲೆಬುರುಡೆಯ ಮೂಲಕ ತಕ್ಷಣ ಕೇಳುವ ಸ್ವಂತ ದನಿಗೂ ಇಯರ್‌ಫೋನಿನಲ್ಲಿ ತಡವಾಗಿ ಬರುವ ದನಿಗೂ ತಿಕ್ಕಾಟವಾಗಿ ಗಾಯಕರಿಗೆ ತಮ್ಮ ಕಂಠ ಕೊಳವೆಯೊಳಗಿನಿಂದ ಬಂದಂತೆ ಕೇಳುತ್ತದೆ. ಮಾನಿಟರ್ ಯಾವಾಗಲೂ ಮಿಕ್ಸರಿನಿಂದಲೇ ಹೋಗಲಿ, ಕಂಪ್ಯೂಟರ್ ಬರೀ ಬರೆದುಕೊಳ್ಳಲಿ.

ಐದನೆಯ ಹೆಜ್ಜೆ: ಫೇಡರೋ, ಟ್ಯಾಬ್ಲೆಟ್ಟೋ

ವೇದಿಕೆಯ ಮೇಲೆಯೇ ನಿಂತು, ನುಡಿಸುತ್ತಲೇ ಧ್ವನಿ ನೋಡಿಕೊಳ್ಳುವ ತಂಡಕ್ಕೆ ಟ್ಯಾಬ್ಲೆಟ್‌ನಿಂದ ನಡೆಯುವ ಪೆಟ್ಟಿಗೆ ಹಗುರ, ಅಗ್ಗ. ಸಭಾಂಗಣದಲ್ಲಿ ಒಬ್ಬರು ಕೂತು ಮಿಕ್ಸ್ ಮಾಡುವುದಾದರೆ ಬೆರಳಿಗೆ ಸಿಗುವ ಫೇಡರುಗಳೇ ಬೇಕು ಎನ್ನುವವನು ನಾನು. ಕೂಗು ಎದ್ದ ಕ್ಷಣದಲ್ಲಿ ಗಾಜಿನ ಮೇಲೆ ಪುಟ ಹುಡುಕುವುದಕ್ಕಿಂತ ಕೈ ತಾನಾಗಿ ಹೋಗಿ ಇಳಿಸುವುದು ವೇಗ.

ಟ್ಯಾಬ್ಲೆಟ್ ಆದರೆ ವೈಫೈ ಬಗ್ಗೆ ಎಚ್ಚರ. ಎಕ್ಸ್‌ಆರ್18ರ ಒಳಗಿನ ವೈಫೈ 2.4 ಗಿಗಾಹರ್ಟ್ಜ್‌ನದು. ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದದ್ದು ಐನೂರು ಜನ ಮೊಬೈಲ್ ಹಿಡಿದು ಕೂತ ಮೇಲೆ ತೊದಲುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಡ್ಯುಯಲ್ ಬ್ಯಾಂಡ್ ರೂಟರ್ ಒಂದನ್ನು ಕೇಬಲಿನಿಂದ ಮಿಕ್ಸರಿಗೆ ಜೋಡಿಸಿ, 5 ಗಿಗಾಹರ್ಟ್ಜ್‌ನಲ್ಲಿ ಇಟ್ಟು, ಪಾಸ್‌ವರ್ಡ್ ಹಾಕಿ. ವಾದಕರು ತಮ್ಮ ಮೊಬೈಲಿನಿಂದ ತಮ್ಮ ಮಾನಿಟರನ್ನು ಮಾತ್ರ ಮುಟ್ಟುವಂತೆ ಮಾಡುವ ಆ್ಯಪ್ ಇದೆಯೇ ಎಂದೂ ಕೇಳಿ ತಿಳಿದುಕೊಳ್ಳಿ.

ಆರನೆಯ ಹೆಜ್ಜೆ: ಕರೆಂಟ್

ಹಳೆಯ ಅನಲಾಗ್ ಮಿಕ್ಸರಿಗೆ ಕರೆಂಟ್ ಹೋಗಿ ಬಂದರೆ ಧ್ವನಿಯೂ ಹೋಗಿ ಬರುತ್ತಿತ್ತು. ಡಿಜಿಟಲ್ ಮಿಕ್ಸರ್ ಒಂದು ಕಂಪ್ಯೂಟರ್. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೂ ಅದು ಮತ್ತೆ ಮೊದಲಿನಿಂದ ಏಳಬೇಕು. ಗಣೇಶೋತ್ಸವದ ಒಂದು ಪೆಂಡಾಲಿನಲ್ಲಿ ಜನರೇಟರಿಗೆ ಬದಲಾಯಿಸುವ ಆ ಒಂದು ಕ್ಷಣದಲ್ಲಿ ನಮ್ಮ ಮಿಕ್ಸರ್ ಕಣ್ಣು ಮುಚ್ಚಿತು. ಧ್ವನಿ ಮರಳಿತು, ಅಷ್ಟರವರೆಗಿನ ಐವತ್ತು ನಿಮಿಷಗಳ ರೆಕಾರ್ಡಿಂಗ್ ಮರಳಲಿಲ್ಲ. ಫೈಲ್ ಮುಚ್ಚುವ ಮುನ್ನವೇ ಕಾರ್ಡಿಗೆ ಬರೆಯುವುದು ನಿಂತಿತ್ತು. ಅಂದು ಗಾಯಕಿ ಹಾಡಿದ ಒಂದು ತತ್ವಪದ ಮತ್ತೆ ಎಂದೂ ಹಾಗೆ ಬಂದಿಲ್ಲ.

ಆದ್ದರಿಂದ ಮಿಕ್ಸರ್, ರೂಟರ್, ಲ್ಯಾಪ್‌ಟಾಪ್ ಮೂರಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇಡಿ. ಆಂಪ್ಲಿಫೈಯರುಗಳನ್ನು ಅದಕ್ಕೆ ಜೋಡಿಸಬೇಡಿ, ತಡೆಯುವುದಿಲ್ಲ. ಪ್ರತಿ ಎರಡು ಮೂರು ಹಾಡಿಗೊಮ್ಮೆ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಆರಂಭಿಸಿ. ಹೋದರೂ ಹದಿನೈದು ನಿಮಿಷ ಹೋಗುತ್ತದೆ. ಸಾಧ್ಯವಿದ್ದರೆ ಕಾರ್ಡಿಗೂ ಕಂಪ್ಯೂಟರಿಗೂ ಎರಡೂ ಕಡೆ ಬರೆಸಿ. ಕೀಬೋರ್ಡ್, ಬೇಸ್ ಗಿಟಾರಿನಿಂದ ಜುಂಯ್ ಎಂಬ 50 ಹರ್ಟ್ಜ್ ಸದ್ದು ಬಂದರೆ ಪ್ಲಗ್ಗಿನ ಅರ್ತ್ ಪಿನ್ ಕೀಳುವವರನ್ನು ಕಂಡಿದ್ದೇನೆ. ಅದು ಪ್ರಾಣಕ್ಕೆ ಅಪಾಯ, ದಯವಿಟ್ಟು ಮಾಡಬೇಡಿ. ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಪುಟ್ಟ ಪೆಟ್ಟಿಗೆ) ಬಳಸಿ, ವೇದಿಕೆಗೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ತೆಗೆಯಿರಿ.

ಏಳನೆಯ ಹೆಜ್ಜೆ: ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ

ಬೆಂಗಳೂರಿನಲ್ಲಿ ಧ್ವನಿ ಉಪಕರಣಗಳು ಬಾಡಿಗೆಗೆ ಸುಲಭವಾಗಿ ಸಿಗುತ್ತವೆ. ನೀವು ಮನಸ್ಸು ಮಾಡಿದ ಮಾದರಿಯನ್ನೇ ಒಂದು ಭಾನುವಾರಕ್ಕೆ ತಂದು ಇಡೀ ತಂಡವನ್ನು ಜೋಡಿಸಿ ನೋಡಿ. ಹಳೆಯದನ್ನು ಕೊಳ್ಳುವುದಾದರೆ ಒಂದು ಮೈಕ್, ಒಂದು ಕೇಬಲ್, ಒಂದು ಹೆಡ್‌ಫೋನ್ ಒಯ್ಯಿರಿ. ಅದೇ ಮೈಕನ್ನು ಪ್ರತಿ ಕಿಂಡಿಗೂ ಹಾಕಿ, 48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಬೇಕಾದ ವಿದ್ಯುತ್) ಬರುತ್ತದೆಯೇ, ಪ್ರತಿ ಔಟ್‌ನಿಂದ ಧ್ವನಿ ಬರುತ್ತದೆಯೇ, ಪ್ರತಿ ಫೇಡರ್ ತಾನಾಗಿ ಓಡುತ್ತದೆಯೇ ನೋಡಿ. ಮುಕ್ಕಾಲು ಗಂಟೆ ಬೇಕು. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ. ಹೊಸದಾದರೆ ಅಧಿಕೃತ ಮಾರಾಟಗಾರರಿಂದ ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ, ಕೆಟ್ಟರೆ ರಿಪೇರಿ ಊರಲ್ಲೇ ಆಗುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಎಂಟನೆಯ ಹೆಜ್ಜೆ: ಮೊದಲ ದಿನ

ಮಿಕ್ಸರ್ ಮನೆಗೆ ಬಂದ ದಿನ ಎಫೆಕ್ಟ್‌ಗಳನ್ನು ಮುಟ್ಟಬೇಡಿ, ಗೇನ್ (ಪ್ರೀಆಂಪ್ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಒಂದನ್ನೇ ಸರಿಮಾಡಿ. ಒಬ್ಬೊಬ್ಬರನ್ನೂ ಅವರ ಅತಿ ಜೋರಾದ ಭಾಗ ನುಡಿಸಲು ಹೇಳಿ. ಮೀಟರ್ ಸರಾಸರಿ ಮೈನಸ್ 18 ಡೆಸಿಬಲ್ ಸುತ್ತ ಆಡಲಿ, ಏರಿದಾಗ ಮೈನಸ್ 8 ದಾಟದಿರಲಿ. ಅಭ್ಯಾಸದಲ್ಲಿ ಹಾಡಿದ್ದಕ್ಕಿಂತ ಸಭಿಕರ ಮುಂದೆ ಎಲ್ಲರೂ ಜೋರಾಗಿಯೇ ಹಾಡುತ್ತಾರೆ, ಆ ಜಾಗವನ್ನು ಈಗಲೇ ಬಿಟ್ಟಿರಬೇಕು. ಡಿಜಿಟಲ್‌ನಲ್ಲಿ ಶೂನ್ಯ ಮುಟ್ಟಿದ ಧ್ವನಿ ಒಡೆದೇ ಹೋಗುತ್ತದೆ, ಆಮೇಲೆ ಯಾರಿಂದಲೂ ಕೂಡಿಸಲಾಗದು.

ಒಮ್ಮೆ ಇಟ್ಟ ಗೇನನ್ನು ಕಾರ್ಯಕ್ರಮದ ನಡುವೆ ಮುಟ್ಟಬೇಡಿ. ಒಂದೇ ಪ್ರೀಆಂಪಿನಿಂದ ಸ್ಪೀಕರಿಗೂ ಎಲ್ಲರ ಕಿವಿಗೂ ರೆಕಾರ್ಡಿಂಗ್‌ಗೂ ಧ್ವನಿ ಹೋಗುತ್ತಿರುತ್ತದೆ. ಅಲ್ಲಿ ಮೂರು ಡೆಸಿಬಲ್ ಏರಿಸಿದರೆ ಎಂಟೂ ಜನರ ಮಿಕ್ಸ್ ಕದಲುತ್ತದೆ. ಸಾಲದಿದ್ದರೆ ಫೇಡರಿನಲ್ಲಿ ಏರಿಸಿ. ಎಲ್ಲ ಸರಿಹೋದ ಮೇಲೆ ಸೀನ್ (ಮಿಕ್ಸರಿನ ಆಗಿನ ಎಲ್ಲ ಹೊಂದಿಕೆಗಳು) ಸೇವ್ ಮಾಡಿ, ಸ್ಥಳದ ಹೆಸರು ಮತ್ತು ದಿನಾಂಕ ಕೊಡಿ. ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. ನಿಮ್ಮ ಸರದಿ ಎಂಟೂವರೆಗೆ ಎಂದಿದ್ದದ್ದು ಒಂಬತ್ತಾದರೆ ಸೌಂಡ್‌ಚೆಕ್‌ಗೆ ಸಿಗುವುದು ಐದು ನಿಮಿಷ. ಆಗ ಆ ಸೀನ್ ತೆರೆದು, ಶ್ರುತಿ ಹಾಕಿ, ತಬಲಾದವರಿಗೆ ಬಾಯಾ ಕೇಳಿಸುತ್ತಿದೆಯೇ ಎಂದು ಕೇಳಿಕೊಂಡು ಶುರುಮಾಡಿ.